ಬದು ಹಾಕುವ ಆಟ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಇದೇ ಹೆಂಚಿನ ಕೊಠಡಿಗಳಲ್ಲಿ ಮಳೆ ಸೋರಿದ ಕಡೆಯಿಂದ ಸೋರದ ಕಡೆಗೆ ಬೆಂಚು ಎಳೆಯುತ್ತಾ ನನ್ನ ಜೊತೆ ಓದಿದ ಗೆಳೆಯರೇ, ಮುಂದೆ ಜಮಖಾನದ ಮೇಲೆ ಕೂತಿರುವ ಮಕ್ಕಳೇ,

ನಾನು 1989ರ ಎಸ್ಸೆಸ್ಸೆಲ್ಸಿ ತಂಡದವನು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಜಪಾನಿನಲ್ಲಿ ನನ್ನ ಅನುಭವ’ ಎಂದು ಅಚ್ಚು ಹಾಕಿಸಿದ್ದಾರೆ. ಬುಲೆಟ್ ರೈಲು, ಶಿಸ್ತು, ಸಮಯಪಾಲನೆ ಎಲ್ಲ ಬರುತ್ತೆ ಅಂತ ನೀವು ಕಾಯುತ್ತಿರಬಹುದು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ನಾನು ಅಲ್ಲಿ ಕಲಿತ ಒಂದು ಆಟದ ವಿಚಾರ ಮಾತ್ರ ಹೇಳುತ್ತೇನೆ. ಅದರೊಳಗೆ ನಮ್ಮ ಮನೆಯ ಒಂದು ವಿಚಾರವೂ ಬರುತ್ತದೆ. ಊರಿಗೆಲ್ಲ ಗೊತ್ತಿರುವುದೇ, ಹಾಗಾಗಿ ಮುಚ್ಚಿಡುವಂಥದ್ದೇನೂ ಇಲ್ಲ.

ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಯಂತ್ರಗಳ ಕಾರ್ಖಾನೆ ಸೇರಿದ್ದೆ. 2003ರಲ್ಲಿ ಹನ್ನೊಂದು ತಿಂಗಳ ತರಬೇತಿಗೆ ನಗೋಯಾ ಪಕ್ಕದ ಒಂದು ಊರಿಗೆ ಕಳಿಸಿದರು. ವಾರದ ಆರು ದಿನ ಕೆಲಸ. ಭಾನುವಾರ ಬಂತು ಅಂದರೆ ಹುಚ್ಚು ಹಿಡಿಯುವುದೊಂದೇ ಬಾಕಿ. ಭಾಷೆ ಬರುವುದಿಲ್ಲ, ಅನ್ನಕ್ಕೆ ಸಾರಿಲ್ಲ. ನಮ್ಮ ವಸತಿಗೃಹದ ಹಿಂದೆ ಒಂದು ಸಮುದಾಯ ಭವನ ಇತ್ತು. ಒಂದು ಭಾನುವಾರ ಅಲ್ಲಿಂದ ಟಕ್, ಟಕ್ ಅಂತ ಸದ್ದು ಕೇಳಿ ಬಾಗಿಲಲ್ಲಿ ಇಣುಕಿದೆ. ಹತ್ತು ಹನ್ನೆರಡು ಮುದುಕರು ಎದುರೆದುರು ಕೂತು ಹಲಗೆಯ ಮೇಲೆ ಕರಿ ಬಿಳಿ ಕಾಯಿ ಇಡುತ್ತಿದ್ದರು. ಕಾಯಿ ಇದ್ದದ್ದು ಚೌಕದ ಒಳಗಲ್ಲ, ಗೆರೆ ಗೆರೆ ಕೂಡುವ ಕಡೆ. ನನಗೆ ಥಟ್ಟನೆ ನೆನಪಾದದ್ದು ನಮ್ಮ ಈಶ್ವರನ ಗುಡಿ ಜಗಲಿ ಕಲ್ಲಿನ ಮೇಲೆ ಕೊರೆದಿರುವ ಹುಲಿಕುರಿ ಮನೆ. ‘ಇದು ಹುಲಿಯೇ ಇಲ್ಲದ ಹುಲಿಕುರಿ ಆಟ’ ಅಂದುಕೊಂಡೆ. ರೈಲ್ವೆಯಲ್ಲಿದ್ದು ನಿವೃತ್ತರಾದ ಒಬ್ಬ ಅಜ್ಜ ಕೈ ಬೀಸಿ ಒಳಗೆ ಕರೆದರು.

ಆಟದ ಹೆಸರು ಗೋ. ಇಗೋ ಎಂದೂ ಅನ್ನುತ್ತಾರೆ. ಹುಟ್ಟಿದ್ದು ಚೀನಾದಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದೆ. ಅಲ್ಲಿ ಅದು ವೇಯ್‌ಚಿ, ಅಂದರೆ ಸುತ್ತುಗಟ್ಟುವ ಆಟ. ಕೊರಿಯಾದವರು ಬಾದುಕ್ ಅನ್ನುತ್ತಾರೆ. ಆ ಮಾತು ಕೇಳಿದಾಗ ನನಗೆ ನಮ್ಮ ಬದು ನೆನಪಾಯಿತು, ಬದುಕೂ ನೆನಪಾಯಿತು. ಸಂಬಂಧ ಏನೂ ಇಲ್ಲ, ಕನ್ನಡದ ಮೇಷ್ಟ್ರು ಕೋಪ ಮಾಡಿಕೊಳ್ಳಬಾರದು. ಆದರೆ ಆಟ ನಿಜಕ್ಕೂ ಬದು ಹಾಕುವ ಆಟವೇ.

ನಿಯಮ ಹತ್ತು ನಿಮಿಷದಲ್ಲಿ ಕಲಿಯಬಹುದು. ಪೂರ್ತಿ ಹಲಗೆಯಲ್ಲಿ ಅಡ್ಡ 19 ಗೆರೆ, ಉದ್ದ 19 ಗೆರೆ, ಒಟ್ಟು 361 ಕೂಡುಗಳು. ಕಪ್ಪು ಮೊದಲು, ಆಮೇಲೆ ಬಿಳಿ, ಒಬ್ಬರಾದ ಮೇಲೆ ಒಬ್ಬರು ಒಂದೊಂದೇ ಕಾಯಿ. ಒಮ್ಮೆ ಇಟ್ಟ ಕಾಯಿಯನ್ನು ಸರಿಸುವ ಹಾಗಿಲ್ಲ. ಕಾಯಿಯ ನಾಲ್ಕು ಪಕ್ಕದಲ್ಲಿ ಗೆರೆಯ ಮೇಲೆ ಇರುವ ಖಾಲಿ ಜಾಗವೇ ಅದರ ಉಸಿರು. ಅಕ್ಕಪಕ್ಕ ಸೇರಿದ ಒಂದೇ ಬಣ್ಣದ ಕಾಯಿಗಳು ಒಂದೇ ಉಸಿರಾಡುತ್ತವೆ. ಎದುರಾಳಿ ಎಲ್ಲ ಕಡೆಯಿಂದ ಮುಚ್ಚಿ ಉಸಿರು ಕಟ್ಟಿಸಿದರೆ ಆ ಗುಂಪು ಇಡಿಯಾಗಿ ಎದ್ದು ಅವನ ಸೆರೆಯಾಗುತ್ತದೆ. ಆದರೆ ಗುಂಪಿನ ಒಳಗೆ ಬೇರೆ ಬೇರೆಯಾಗಿ ಎರಡು ಖಾಲಿ ಜಾಗ ಉಳಿಸಿಕೊಂಡರೆ ಅದನ್ನು ಯಾರೂ ಕೊಲ್ಲಲಾಗದು. ಒಂದರೊಳಗೆ ಕಾಯಿ ಇಟ್ಟರೆ ಇನ್ನೊಂದರಲ್ಲಿ ಉಸಿರು ಇದ್ದೇ ಇರುತ್ತದೆ, ಎರಡನ್ನೂ ಒಟ್ಟಿಗೆ ತುಂಬಲು ಬರುವುದಿಲ್ಲ. ಇವಕ್ಕೆ ಅವರೂ ‘ಕಣ್ಣು’ ಎಂದೇ ಅನ್ನುವುದು. ಎರಡು ಕಣ್ಣಿದ್ದ ಗುಂಪು ಬದುಕಿತು, ಒಂದೇ ಕಣ್ಣಿನದು ಸತ್ತಿತು.

ಇನ್ನೊಂದು ನಿಯಮ ಇದೆ. ನಾನು ನಿನ್ನ ಒಂದು ಕಾಯಿ ಹಿಡಿದೆ, ಕೂಡಲೇ ನೀನು ಅದೇ ಜಾಗದಲ್ಲಿ ನನ್ನದನ್ನು ಹಿಡಿದೆ, ಮತ್ತೆ ನಾನು. ಹೀಗೇ ಬಿಟ್ಟರೆ ಆಟ ಪ್ರಳಯದವರೆಗೂ ಮುಗಿಯುವುದಿಲ್ಲ. ಅದಕ್ಕೆ, ಆ ಜಾಗದಲ್ಲಿ ಕೂಡಲೇ ತಿರುಗಿ ಹಿಡಿಯಬಾರದು, ನಡುವೆ ಬೇರೆ ಕಡೆ ಒಂದು ಕಾಯಿ ಆಡಬೇಕು ಎಂದು ಕಟ್ಟು ಮಾಡಿದ್ದಾರೆ. ಈ ಸ್ಥಿತಿಗೆ ‘ಕೋ’ ಎಂದು ಹೆಸರು. ಆ ಪದ ನಮ್ಮ ‘ಕಲ್ಪ’ದಿಂದ ಬಂದದ್ದು. ಯುಗ, ಕಲ್ಪ ಅನ್ನುತ್ತೇವಲ್ಲ, ಅದೇ ಕಲ್ಪ. ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ನಡೆದು, ಆಟದ ಹಲಗೆಯ ಮೇಲೆ ಕೂತಿದೆ. ನನ್ನಜ್ಜಿ ಆಡುತ್ತಿದ್ದ ಪದ ಅಷ್ಟು ದೂರದಲ್ಲಿ ಸಿಕ್ಕಿತಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಇಬ್ಬರಿಗೂ ಆಡಲು ಲಾಭದ ಜಾಗ ಉಳಿಯದಾಗ ‘ಸಾಕು’ ಎನ್ನುತ್ತಾರೆ. ಸೆರೆ ಹಿಡಿದ ಕಾಯಿಗಳನ್ನು ತಂದು ಎದುರಾಳಿಯ ಜಮೀನಿನೊಳಗೇ ತುಂಬಿ, ಉಳಿದ ಖಾಲಿ ಮನೆಗಳನ್ನು ಎಣಿಸುತ್ತಾರೆ. ಯಾರಿಗೆ ಹೆಚ್ಚೋ ಅವರು ಗೆದ್ದರು. ಸರಿಸಮ ಆಟಗಾರರಾದರೆ, ಕಪ್ಪಿಗೆ ಮೊದಲು ಆಡುವ ಅನುಕೂಲ ಇರುವುದರಿಂದ ಬಿಳಿಗೆ ಆರೂವರೆ ಮನೆ ಸೇರಿಸುತ್ತಾರೆ. ಅರೆ ಯಾಕೆ ಅಂದರೆ, ಆಟ ಸಮ ಆಗಬಾರದು ಅಂತ.

ನಿಯಮ ಇಷ್ಟೇ. ನಾನು ಹುಲಿಕುರಿ ಆಡಿ ಬೆಳೆದವನು. ಕಾಯಿ ಕಂಡರೆ ಹಿಡಿಯಬೇಕು. ಮೊದಲ ದಿನ 9 ಗೆರೆಯ ಚಿಕ್ಕ ಹಲಗೆಯ ಮೇಲೆ ಅಜ್ಜನ ಕಾಯಿಗಳ ಹಿಂದೆ ಓಡಿದೆ. ಕೊನೆಗೆ ನೋಡಿದರೆ ನನ್ನದು ಒಂದು ಗುಂಪೂ ಜೀವಂತ ಇಲ್ಲ. ಎರಡು ತಿಂಗಳು ಹೀಗೇ. ದೊಡ್ಡ ಹಲಗೆಗೆ ಬಂದಾಗ ಅಜ್ಜ ಆಟಕ್ಕೆ ಮುಂಚೆಯೇ 9 ಕಾಯಿ ನನಗೆ ಬಿಟ್ಟುಕೊಟ್ಟರು. ಆದರೂ ಸೋತೆ. ಅವರು ಬೈಯಲಿಲ್ಲ. ಪ್ರತಿ ಆಟ ಮುಗಿದ ಮೇಲೆ ಹಲಗೆ ಬರಿದು ಮಾಡಿ, ಇಡೀ ಆಟವನ್ನು ಮೊದಲಿನಿಂದ ನೆನಪಿನಲ್ಲೇ ಇಡುತ್ತಾ ಬಂದು, ಒಂದು ಕಡೆ ಬೆರಳು ನಿಲ್ಲಿಸುತ್ತಿದ್ದರು. ಅಲ್ಲಿ ನಾನು ತಪ್ಪಿದ್ದೆ.

ಅವರು ಕಲಿಸಿದ ಮೊದಲ ಲೆಕ್ಕ ಇಲ್ಲಿನ ರೈತರಿಗೆ ಬೇಗ ಹತ್ತುತ್ತದೆ. ಉದ್ದ ಮೂರು, ಅಗಲ ಮೂರು, ಒಂಬತ್ತು ಮನೆಯ ಜಾಗವನ್ನು ಮೂಲೆಯಲ್ಲಿ ಸುತ್ತುಗಟ್ಟಲು 6 ಕಾಯಿ ಸಾಕು. ಅಂಚಿನಲ್ಲಾದರೆ 9 ಬೇಕು. ನಡುವೆಯಾದರೆ 12. ಮೂಲೆಯಲ್ಲಿ ಎರಡು ಕಡೆ ಹಲಗೆಯೇ ಮುಗಿಯುತ್ತದಲ್ಲ, ಒಂದು ಕಡೆ ಕೆರೆ ಏರಿ, ಇನ್ನೊಂದು ಕಡೆ ಬಂಡೆ ಇದ್ದ ಹಾಗೆ. ಉಳಿದೆರಡು ಕಡೆ ಬದು ಹಾಕಿದರೆ ಮುಗಿಯಿತು. ಆದ್ದರಿಂದ ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು. ನಾನು ಬಯಲು ದೊಡ್ಡದು ಅಂತ ನಡುವಿಗೇ ನುಗ್ಗುತ್ತಿದ್ದೆ.

ಎರಡನೆಯ ಪಾಠಕ್ಕೆ ಏಳು ತಿಂಗಳು ಹಿಡಿಯಿತು. ಆ ದಿನ ಕೆಳಗಿನ ಮೂಲೆಯಲ್ಲಿ ನನ್ನ ಆರೇಳು ಕಾಯಿಯ ಗುಂಪು ಸಿಕ್ಕಿಬಿದ್ದಿತ್ತು. ಒಂದೇ ಕಣ್ಣು. ಬಿಡಿಸಿಕೊಳ್ಳಲು ಇನ್ನೊಂದು ಇಟ್ಟೆ, ಮತ್ತೊಂದು ಇಟ್ಟೆ. ಅಜ್ಜ ಅಲ್ಲಿ ಉತ್ತರವನ್ನೇ ಕೊಡದೆ ಎದುರು ಮೂಲೆಯಲ್ಲಿ ಸುಮ್ಮನೆ ಆಡುತ್ತಿದ್ದರು. ನಾನು ಹೋರಾಡುತ್ತಿದ್ದೇನೆ, ಇವರು ನಿದ್ದೆಗಣ್ಣಲ್ಲಿದ್ದಾರೆ ಅಂದುಕೊಂಡೆ. ಆಟ ಮುಗಿದ ಮೇಲೆ ಅವರು ಆ ಗುಂಪಿಗೆ ನಾನು ಆಮೇಲೆ ಸೇರಿಸಿದ ಕಾಯಿಗಳನ್ನು ಒಂದೊಂದಾಗಿ ಎತ್ತಿ ನನ್ನ ಜಮೀನಿನೊಳಗೆ ಇಟ್ಟರು. ಪ್ರತಿಯೊಂದೂ ನನ್ನದೇ ಒಂದು ಮನೆಯನ್ನು ತಿಂದಿತು. ಅಷ್ಟರಲ್ಲಿ ಎದುರು ಮೂಲೆ ಪೂರ್ತಿ ಅವರದಾಗಿತ್ತು. ಅವರಿಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಹೇಳಿದ್ದರ ಅರ್ಥ ಇಷ್ಟು: ಇದು ಆಗಲೇ ಸತ್ತಿತ್ತು, ನೀನು ಊಟ ಹಾಕುತ್ತಲೇ ಇದ್ದೆ.

ಆ ವಾರ ಅಪ್ಪನ ಕಾಗದ ಬಂದಿತ್ತು. ವಕೀಲರಿಗೆ ಹಣ ಕಳಿಸು ಅಂತ.

ನಿಮಗೆಲ್ಲ ಗೊತ್ತು. ಭಾಗ ಆದ ಮೇಲೆ ಅಪ್ಪನಿಗೂ ಚಿಕ್ಕಪ್ಪನಿಗೂ ಹಲಸಿನ ಮರದ ಪಕ್ಕದ ಬದುವಿನ ವ್ಯಾಜ್ಯ. ಆರು ಗುಂಟೆ. ಕೇಸು ನಡೆದು ಆಗಲೇ 12 ವರ್ಷ. ಎರಡು ಸಲ ಅಳತೆ, ಒಂದು ಮೇಲ್ಮನವಿ, ಲೆಕ್ಕವಿಲ್ಲದ ವಾಯಿದೆ. ವಾಯಿದೆಯ ದಿನಕ್ಕೆ ಬಸ್ಸು ಹತ್ತುವ ಗಡಿಬಿಡಿಯಲ್ಲಿ ಮೂಡಲ ಕಡೆಯ ಎರಡೂವರೆ ಎಕರೆ ಬೀಳು ಬಿದ್ದಿತ್ತು. ತೆಂಗಿನ ಸಸಿ ಇಟ್ಟು ನೀರು ಕಾಣಿಸಿದವರಿಲ್ಲ. ಹಲಗೆಯ ಮೇಲೆ ಅಜ್ಜ ಬೆರಳಿಟ್ಟದ್ದು ನನಗೆ ನಮ್ಮ ಸರ್ವೆ ನಂಬರಿನ ಮೇಲೇ ಇಟ್ಟ ಹಾಗಾಯಿತು.

ಊರಿಗೆ ಬಂದವನೇ ಅಪ್ಪನ ಮುಂದೆ ಸುಣ್ಣದಲ್ಲಿ ಗೆರೆ ಎಳೆದು, ಕಲ್ಲು ಜೋಡಿಸಿ ತೋರಿಸಿದೆ. ದೊಡ್ಡ ಬುದ್ಧಿವಂತನ ಹಾಗೆ. ಅಪ್ಪ ಪೂರ್ತಿ ನೋಡಿ, ‘ನಿನ್ನ ಆಟದ ಕಾಯಿಗೆ ತಾತ ಇಲ್ಲ ಕಣೋ’ ಅಂದರು. ಎದ್ದು ಹೋದರು. ಎಂಟು ತಿಂಗಳು ನನ್ನ ಜೊತೆ ಮಾತಿಲ್ಲ. ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಆ ಹಲಸಿನ ಮರ ನೆಟ್ಟವರು ತಾತ. ಅಪ್ಪ ಅದರ ಕೆಳಗೇ ಆಡಿ ಬೆಳೆದವರು.

2006ರಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅಪ್ಪ ರುಜು ಹಾಕಿದರು. ಆರು ಗುಂಟೆ, ಮರ ಸೇರಿ, ಚಿಕ್ಕಪ್ಪನ ಕಡೆಗೆ. ಮೂಡಲ ಹೊಲದಲ್ಲಿ ನಾವು ಬೋರು ಕೊರೆಸಿ ತೆಂಗು ಇಟ್ಟೆವು, ಈಗ ಫಲಕ್ಕೆ ಬಂದಿದೆ. ಮನೆಗಳ ಎಣಿಕೆಯಲ್ಲಿ ನಾವು ಸೋಲಲಿಲ್ಲ. ಆದರೆ ಅಪ್ಪ ಇರುವವರೆಗೂ ಆ ಹಲಸಿನ ಮರದ ದಾರಿಯಲ್ಲಿ ನಡೆಯಲಿಲ್ಲ, ಸುತ್ತುಬಳಸಿ ಕಾಲುವೆ ಮೇಲೆ ಹೋಗುತ್ತಿದ್ದರು. ಅದನ್ನೂ ಎಣಿಕೆಗೆ ಸೇರಿಸಬೇಕು.

2016ರ ಮಾರ್ಚಿನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಕಾರ್ಯಕ್ರಮ ಕೊರಿಯಾದ ಲೀ ಸೆಡೋಲ್ ಎಂಬ ಮಹಾ ಆಟಗಾರನನ್ನು 4-1ರಿಂದ ಸೋಲಿಸಿತು. ನಾನು ರಜೆ ಹಾಕಿ ಕೂತು ನೋಡಿದೆ. ಲೀ ಗೆದ್ದ ನಾಲ್ಕನೆಯ ಆಟದಲ್ಲಿ ಅವನು ಇಟ್ಟ 78ನೆಯ ಕಾಯಿಯನ್ನು ಜನ ಇನ್ನೂ ಕೊಂಡಾಡುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬೇರೆ. ಆ ಯಂತ್ರಕ್ಕೆ ಹೆಚ್ಚು ಮನೆಗಳಿಂದ ಗೆಲ್ಲುವ ಹಟವೇ ಇಲ್ಲ. ಗೆಲ್ಲುವ ಸಾಧ್ಯತೆ ಹೆಚ್ಚಿದರೆ ಅದಕ್ಕೆ ಸಾಕು, ಅರ್ಧ ಮನೆಯಿಂದ ಗೆದ್ದರೂ ಒಂದೇ, ಐವತ್ತರಿಂದ ಗೆದ್ದರೂ ಒಂದೇ. ಆದ್ದರಿಂದ ನೋಡುವವರಿಗೆ ‘ಇದೇನು, ಕೈಗೆ ಬಂದದ್ದನ್ನು ಬಿಡುತ್ತಿದೆ’ ಅನ್ನಿಸುವ ಹಾಗೆ ಆಡುತ್ತದೆ. ಯಂತ್ರಕ್ಕೆ ಅದು ಸುಲಭ. ಅಪ್ಪ ಹೇಳಿದ ಹಾಗೆ, ಅದಕ್ಕೂ ತಾತ ಇಲ್ಲ.

ಸಮಯ ಆಯಿತು ಅಂತ ನಿರೂಪಕರು ಚೀಟಿ ಕೊಟ್ಟಿದ್ದಾರೆ. ಇನ್ನೊಂದೇ ಮಾತು. ಶಾಲೆಗೆ ನಾಲ್ಕು ಹಲಗೆ ತಂದಿದ್ದೇನೆ, 9 ಗೆರೆಯವು, ನಮ್ಮೂರಿನ ಆಚಾರ್ರೇ ಮಾಡಿದ್ದು. ಕಾಯಿಗೆ ಪೇಟೆಗೆ ಹೋಗಲಿಲ್ಲ. ಕರಿಗೆ ಹುಣಸೆ ಬೀಜ. ಬಿಳಿಗೆ ಅದೇ ಬೀಜ, ಚೌಕಾಬಾರಕ್ಕೆ ಉಜ್ಜುತ್ತೇವಲ್ಲ, ಹಾಗೆ ಒಂದು ಮಗ್ಗುಲು ಕಲ್ಲಿಗೆ ತಿಕ್ಕಿದ್ದು. ನೂರೈವತ್ತು ಬೀಜ ತಿಕ್ಕಿಕೊಟ್ಟವನು ಅಲ್ಲಿ ಮೂರನೆಯ ಸಾಲಿನಲ್ಲಿ ಕೂತು ನಗುತ್ತಿದ್ದಾನೆ, ನನ್ನ ಚಿಕ್ಕಪ್ಪನ ಮಗ, ಇದೇ ಶಾಲೆಯ 1992ರ ತಂಡ. ತಿಕ್ಕಿದ್ದು ಆ ಹಲಸಿನ ಮರದ ಬುಡದ ಬಂಡೆಯ ಮೇಲೆ. ಅವನಿಗೆ ಆಟ ಇನ್ನೂ ಸರಿಯಾಗಿ ಬರುವುದಿಲ್ಲ, ಸತ್ತ ಗುಂಪಿಗೆ ಕಾಯಿ ಹಾಕುತ್ತಲೇ ಇರುತ್ತಾನೆ.

ಊಟ ಆದ ಮೇಲೆ ಎಂಟನೆಯ ತರಗತಿ ಕೊಠಡಿಯಲ್ಲಿ ಇಬ್ಬರೂ ಇರುತ್ತೇವೆ. ಮಕ್ಕಳು ಬನ್ನಿ, ದೊಡ್ಡವರೂ ಬರಬಹುದು. ಆಟಕ್ಕೆ ಕೂರುವ ಮುಂಚೆ ಎದುರಿಗಿರುವವರಿಗೆ ತಲೆಬಾಗಿ ನಮಸ್ಕಾರ ಮಾಡಬೇಕು, ಅದು ಅಲ್ಲಿಯ ಪದ್ಧತಿ.