ವಾರ್ಡಿನ ಬಾಗಿಲು ದಾಟುವ ಹಾಡು

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ನಿಮ್ಮ ಮುಂದೆ ಇಡುವ ವಿಷಯ ಚಿಕ್ಕದು. ಯಾರನ್ನೂ ಒಳಗೆ ಬಿಡದ ಪ್ರತ್ಯೇಕ ವಾರ್ಡಿನಲ್ಲಿ ಮಲಗಿರುವ ನಮ್ಮವರಿಗೆ ಇಲ್ಲಿಂದಲೇ ಫೋನಿನಲ್ಲಿ ಹಾಡಿ ಧೈರ್ಯ ತುಂಬುವುದು ಹೇಗೆ ಎಂಬುದು. "ಕೂಲಿಯ ಮಾತಿದೆ, ಬೋನಸ್ಸಿನ ಮಾತಿದೆ, ಸೋರುವ ಲೈನ್ ಮನೆಗಳ ಮಾತಿದೆ, ಇವುಗಳ ನಡುವೆ ಹಾಡಿನ ಮಾತೇಕೆ?" ಎಂದು ಕೆಲವರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡದೆ ನಾವು ಮಾತು ಮುಗಿಸುವುದಿಲ್ಲ.

ನಮ್ಮ ಲೈನ್ ಮನೆಗಳಲ್ಲಿ ಎರಡು ಸಂಸಾರಕ್ಕೆ ಒಂದೇ ಗೋಡೆ. ಈಚೆ ಮನೆಯಲ್ಲಿ ಕೆಮ್ಮಿದರೆ ಆಚೆ ಮನೆಯಲ್ಲಿ ಬಿಸಿನೀರು ಕಾಯುತ್ತದೆ. ಬೆಳಿಗ್ಗೆ ಹಾಜರಿಗೆ ಒಬ್ಬರು ಬಾರದಿದ್ದರೆ ಮೇಸ್ತ್ರಿಗಿಂತ ಮುಂಚೆ ಪಕ್ಕದ ಸಾಲಿನವರು ವಿಚಾರಿಸುತ್ತಾರೆ. ಹೀಗೆ ಬದುಕಿದವರನ್ನು ಒಂದು ದಿನ ಆಂಬುಲೆನ್ಸಿಗೆ ಹತ್ತಿಸುತ್ತಾರೆ. ಗೂಡಲೂರು ಕಡೆಯವರಾದರೆ ಊಟಿಗೋ ಕೊಯಮತ್ತೂರಿಗೋ, ವಯನಾಡಿನವರಾದರೆ ಕೋಳಿಕ್ಕೋಡಿಗೋ ಹೋಗಬೇಕು. ಅಲ್ಲಿ ಬಾಗಿಲು ಮುಚ್ಚಿದ ವಾರ್ಡು. ಬರುವವರ ಮುಖಕ್ಕೆಲ್ಲ ಮುಸುಕು. ಕೆಲಸದ ಮಟ್ಟಿಗೆ ನಮಗೆ ತಮಿಳೋ ಮಲಯಾಳವೋ ಬರುತ್ತದೆ, ನಿಜ. ಆದರೆ ಜ್ವರ ನೆತ್ತಿಗೇರಿದಾಗ ಬಾಯಿಗೆ ಬರುವುದು ತಾಯಿಯ ಮಾತು. ಆ ಮಾತಿಗೆ ಅಲ್ಲಿ "ಓ" ಎನ್ನುವವರಿಲ್ಲ.

ಬಾಗಿಲು ಮುಚ್ಚುವುದು ತಪ್ಪೆಂದು ನಾವು ಹೇಳುತ್ತಿಲ್ಲ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡು ಜಿಲ್ಲೆಯಲ್ಲಿ ನಿಪಾ ಜ್ವರ ಬಂದಾಗ, ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದ ನರ್ಸ್ ಲಿನಿಯವರೇ ಆ ಜ್ವರಕ್ಕೆ ಪ್ರಾಣ ಕೊಟ್ಟರು. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಏನಾಯಿತೆಂದು ನಾವೆಲ್ಲರೂ ಕಂಡಿದ್ದೇವೆ. ಸೋಂಕು ತಡೆಯಲು ಬಾಗಿಲು ಮುಚ್ಚಲೇಬೇಕು. ಮುಚ್ಚಿದ ಬಾಗಿಲನ್ನು ನಮ್ಮ ಕಾಲು ದಾಟಬಾರದು. ಆದರೆ ನಮ್ಮ ದನಿ ದಾಟಬಹುದಲ್ಲವೇ?

ಇದು ನಮ್ಮ ತಲೆಯಲ್ಲಿ ಹುಟ್ಟಿದ ಯೋಚನೆಯಲ್ಲ. 2020ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಆಸ್ಪತ್ರೆಗಳು ಕೊರೋನಾ ರೋಗಿಗಳಿಂದ ತುಂಬಿದ್ದವು. ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಅಲ್ಲಿ ರೇಚಲ್ ಈಸ್ಟರ್‌ವುಡ್ ಎಂಬ ಡಾಕ್ಟರಮ್ಮ ಇದ್ದರು. ವೈದ್ಯಕ್ಕೆ ಬರುವ ಮೊದಲು ಸಂಗೀತ ಕಲಿತವರು. ಇನ್ನೊಂದೆಡೆ ಮಾಲಿ ಕಾರ್ ಎಂಬ ತಂತಿವಾದ್ಯದ ಕಲಾವಿದೆ. ಆಸ್ಪತ್ರೆ, ಸೆರೆಮನೆಗಳಂಥ ಕಡೆ ಸಂಗೀತ ಮುಟ್ಟಿಸಲು 2014ರಲ್ಲೇ ಒಂದು ಸಂಸ್ಥೆ ಕಟ್ಟಿದ್ದವರು. ಇಬ್ಬರೂ ಕೈ ಜೋಡಿಸಿದರು. ಕಲಾವಿದರು ತಮ್ಮ ತಮ್ಮ ಮನೆಗಳಲ್ಲೇ ಕೂತು ಬಾರಿಸಿದರು. ವಾರ್ಡಿನಲ್ಲಿದ್ದವರು ಫೋನನ್ನು ಹಾಸಿಗೆಯ ಪಕ್ಕಕ್ಕೆ ಹಿಡಿದರು. ಒಬ್ಬ ರೋಗಿಗಾಗಿ, ಆ ಗಳಿಗೆಯಲ್ಲಿ, ಒಬ್ಬ ಕಲಾವಿದ. ಕೇಳುತ್ತಿದ್ದವರಲ್ಲಿ ಉಸಿರಾಟದ ಯಂತ್ರಕ್ಕೆ ಜೋಡಿಸಿದವರೂ, ಪ್ರಜ್ಞೆ ಇಲ್ಲದವರೂ ಇದ್ದರು.

ಹಾಡಿನಿಂದ ರೋಗಿಗೆ ಲಾಭವುಂಟೇ? ಅದೇ ದೇಶದ ಮಿನಿಯಾಪೊಲಿಸ್ ಸುತ್ತಿನ ಆಸ್ಪತ್ರೆಗಳಲ್ಲಿ, ಉಸಿರಾಟದ ಯಂತ್ರದ ಮೇಲಿದ್ದ 373 ರೋಗಿಗಳನ್ನು ಕುರಿತು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ತಮಗೆ ಇಷ್ಟವಾದ ಸಂಗೀತವನ್ನು ತಮಗೆ ಬೇಕೆನಿಸಿದಾಗ ಕೇಳಿದವರಿಗೆ, ಮಾಮೂಲು ಆರೈಕೆ ಮಾತ್ರ ಪಡೆದವರಿಗಿಂತ ಭಯ ಕಡಿಮೆಯಾಗಿತ್ತು. ಮಂಪರಿನ ಔಷಧವೂ ಕಡಿಮೆ ಸಾಕಾಯಿತು. ಕೆನಡಾದ ವ್ಯಾಂಕೂವರಿನಲ್ಲಿ ಮರಣಶಯ್ಯೆಯಲ್ಲಿದ್ದವರನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ 2020ರಲ್ಲಿ ಹೊರಬಂತು. ಕರೆದರೆ ಓಗೊಡದ ಸ್ಥಿತಿಯಲ್ಲಿದ್ದ ಕೆಲವರ ಮೆದುಳು ಕೂಡ ಶಬ್ದಕ್ಕೆ ಸ್ಪಂದಿಸುತ್ತಿತ್ತು. ಮಾತಿನ ಅರ್ಥ ಅವರಿಗೆ ತಿಳಿಯುತ್ತಿತ್ತೆಂದು ಇದರಿಂದ ಹೇಳಲಾಗದು. ಆದರೂ "ಏನೂ ಕೇಳಿಸುವುದಿಲ್ಲ, ಹಾಡಿ ಏನು ಫಲ" ಎಂದು ನಾವೇ ತೀರ್ಮಾನ ಮಾಡಬಾರದು ಎನ್ನಲು ಇಷ್ಟು ಸಾಕು.

ಹಾಗಾದರೆ ಹಾಡು ಮುದ್ರಿಸಿದ್ದನ್ನೇ ಹಾಕಿದರೆ ಸಾಲದೇ? ಅದೂ ಒಳ್ಳೆಯದೇ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 1920ರ ದಶಕದಿಂದಲೇ ರೋಗಿಗಳ ಹಾಸಿಗೆಗೆ ರೇಡಿಯೋ ಹಾಡು ಮುಟ್ಟಿಸುವ ಸೇವೆ ಇದೆ. ಆದರೆ ಮುದ್ರಿಸಿದ ಹಾಡಿಗೆ ಕೇಳುವವರು ಯಾರೆಂದು ಗೊತ್ತಿಲ್ಲ. ನಮ್ಮ ದನಿ ಹೆಸರು ಹಿಡಿದು ಕೂಗುತ್ತದೆ. "ಈ ಹೊತ್ತಿನಲ್ಲಿ ನಿನಗಾಗಿ ಕೂತಿದ್ದೇವೆ" ಎನ್ನುತ್ತದೆ. ರೋಗಿ ಕೆಮ್ಮಿದರೆ ನಿಲ್ಲುತ್ತದೆ, ಬೇಕೆಂದರೆ ಇನ್ನೊಮ್ಮೆ ಹಾಡುತ್ತದೆ.

2021ರ ಮಳೆಗಾಲದ ಮುಂಚೆ ನಮ್ಮ ಲೈನಿನ ಒಬ್ಬ ತಾಯಿ ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿದ್ದರು. ಗುಂಡ್ಲುಪೇಟೆ ಕಡೆಯಿಂದ ಬಂದು ಮೂವತ್ತು ವರ್ಷ ಟೀ ಸೊಪ್ಪು ಕಿತ್ತವರು. ಊಟ ಬಿಟ್ಟಿದ್ದಾರೆ, ಗೋಡೆಯ ಕಡೆ ತಿರುಗಿ ಮಲಗಿದ್ದಾರೆ ಎಂದು ನರ್ಸಮ್ಮ ತಿಳಿಸಿದರು. ಯಾವ ಹಾಡು ಬೇಕೆಂದು ಕೇಳಿಸಿದೆವು. ಆ ತಾಯಿ ಕೇಳಿದ್ದು ಸಭೆಯ ಹಾಡನ್ನಲ್ಲ, ಅವರವ್ವ ರಾಗಿ ಬೀಸುತ್ತ ಹೇಳುತ್ತಿದ್ದ ಪದವನ್ನು. ನಮ್ಮ ಹಾಡುಗಾರರ ತಂಡದಲ್ಲಿ ಅದು ಯಾರಿಗೂ ಬರುತ್ತಿರಲಿಲ್ಲ. ಬರುತ್ತಿದ್ದುದು ಪಕ್ಕದ ಮನೆಯ ಅಕ್ಕನಿಗೆ. ಅವರು ಮಾದಪ್ಪನ ಒಕ್ಕಲು, ನಮ್ಮ ಸಭೆಗೆ ಬರುವವರಲ್ಲ. ಕೇಳಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೂಕದ ಶೆಡ್ಡಿನ ಹತ್ತಿರದ ದಿಣ್ಣೆಗೆ ಹತ್ತಿ ಬಂದರು. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿಯೇ. ಹತ್ತು ನಿಮಿಷ ಹಾಡಿದರು. ಹೀಗೆ ಒಂಬತ್ತು ಸಂಜೆ ನಡೆಯಿತು. ಮೂರನೆಯ ಸಂಜೆ ಗಂಜಿ ಕುಡಿದರೆಂದು ನರ್ಸಮ್ಮ ಹೇಳಿದರು.

ಆ ತಾಯಿ ಮನೆಗೆ ಬಂದ ಮೇಲೆ ಹಾಡಿದ ಅಕ್ಕನಿಗೆ ಹೇಳಿದ್ದು ಇಷ್ಟು: "ಅಲ್ಲಿ ನನ್ನೆಸ್ರ ಯಾರೂ ನೆಟ್ಟಗೆ ಕರೀತಿರ್ಲಿಲ್ಲ ಕನವ್ವ. ನೀ ಹಾಡೋಕ್ ಮುಂಚೆ ನನ್ನೆಸ್ರ ಕೂಗ್ದಲ್ಲ, ಆಗ ನಾನಿನ್ನೂ ಲೈನಲ್ಲೇ ಇವ್ನಿ ಅನ್ನುಸ್ತು."

ಹಾಡು ಅವರನ್ನು ಗುಣಪಡಿಸಿತೆಂದು ನಾವು ಹೇಳುವುದಿಲ್ಲ. ಗುಣಪಡಿಸಿದ್ದು ಡಾಕ್ಟರು, ಔಷಧ, ಆಕ್ಸಿಜನ್, ದೇವರ ದಯೆ. ಅದೇ ತಿಂಗಳು ನಾವು ಹಾಡಿದ ಇನ್ನೊಬ್ಬ ಸಹೋದರರು ಮರಳಿ ಬರಲಿಲ್ಲ. ಅವರ ಮನೆಯಾಕೆ ಇಂದಿಗೂ ಹೇಳುವ ಮಾತು, "ಕೊನೆಗೆ ನಮ್ಮ ದನಿ ಕೇಳಿಸಿಕೊಂಡು ಹೋದರು" ಎಂಬುದು. ಆ ಮಾತಿನ ಬೆಲೆಯನ್ನು ನೀವೇ ಕಟ್ಟಿರಿ.

ಹಾಡುವವರು ನೆನಪಿಡಬೇಕಾದ ಕೆಲವು ಸಂಗತಿಗಳಿವೆ.

ಮೊದಲನೆಯದು, ಅಪ್ಪಣೆ. ರೋಗಿಯನ್ನು ಕೇಳಬೇಕು; ಕೇಳಲಾಗದ ಸ್ಥಿತಿಯಾದರೆ ಮನೆಯವರನ್ನು ಕೇಳಬೇಕು. ವಾರ್ಡಿನ ನರ್ಸಮ್ಮ ಹೇಳಿದ ಹೊತ್ತಿಗೇ ಫೋನ್ ಮಾಡಬೇಕು. ಅವರಿಗೆ ಹತ್ತು ಹಾಸಿಗೆಯ ಕೆಲಸವಿರುತ್ತದೆ. ಬೇಡವೆಂದರೆ ಬೇಡ.

ಎರಡನೆಯದು, ಆಯ್ಕೆ ರೋಗಿಯದು. ನಮಗೆ ಚೆನ್ನಾಗಿ ಬರುವ ಹಾಡೆಂದು ಹಾಡಬಾರದು. ಭಕ್ತಿಗೀತೆಯಾಗಲಿ, ಸೋಬಾನೆಯಾಗಲಿ, ಹಳೆಯ ಸಿನಿಮಾ ಹಾಡಾಗಲಿ, ಅವರು ಕೇಳಿದ್ದೇ ಸರಿ. ಸತ್ತವರ ಮನೆಯಲ್ಲಿ ಹಾಡುವ ಹಾಡನ್ನು ಅವರಾಗಿ ಕೇಳದೆ ಎತ್ತಲೇಬಾರದು.

ಮೂರನೆಯದು, ಹೊತ್ತು ಮತ್ತು ದನಿ. ಹತ್ತು ನಿಮಿಷ ಸಾಕು, ಹದಿನೈದು ಮೀರಬಾರದು. ಬೇಡದ ಸದ್ದು ರೋಗಿಗೆ ಹಿಂಸೆಯೆಂದು ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು 1859ರಲ್ಲೇ ಬರೆದಿದ್ದಾರೆ. ಪಕ್ಕದ ಹಾಸಿಗೆಯಲ್ಲಿ ಬೇರೆ ಧರ್ಮದವರಿರಬಹುದು, ನಿದ್ದೆಗಾಗಿ ಹಂಬಲಿಸುವವರಿರಬಹುದು. ಪೌಲನೂ ಸೀಲನೂ ಸೆರೆಮನೆಯಲ್ಲಿ ನಡುರಾತ್ರಿ ಹಾಡಿದಾಗ ಬೇರೆ ಕೈದಿಗಳೂ ಕೇಳುತ್ತಿದ್ದರೆಂದು ಓದುತ್ತೇವೆ. ವಾರ್ಡಿನಲ್ಲೂ ಹಾಗೆಯೇ, ಪಕ್ಕದವರ ಕಿವಿಯ ಮೇಲೂ ನಮಗೆ ಗೌರವವಿರಬೇಕು.

ನಾಲ್ಕನೆಯದು, ಫೋನಿನ ಗುಣ. ಮಾತಿಗೆಂದು ಮಾಡಿದ ಯಂತ್ರವಾದ್ದರಿಂದ ಹಾರ್ಮೋನಿಯಂನಂಥ ಎಳೆದ ಸ್ವರವನ್ನು ಗದ್ದಲವೆಂದು ತಿಳಿದು ಅದು ಎಷ್ಟೋ ಸಲ ಅಳಿಸಿಬಿಡುತ್ತದೆ. ಬರಿಯ ಕಂಠವೇ ಮೇಲು. ಬೇರೆ ಬೇರೆ ಮನೆಗಳಿಂದ ಒಟ್ಟಿಗೆ ಹಾಡಲಾಗದು, ಒಬ್ಬರ ದನಿ ಇನ್ನೊಬ್ಬರನ್ನು ತಡವಾಗಿ ಮುಟ್ಟುತ್ತದೆ. ಆದ್ದರಿಂದ ಒಬ್ಬರೇ ಹಾಡಿ, ಇಲ್ಲವೇ ಎಲ್ಲರೂ ಒಂದೇ ಕಡೆ ಸೇರಿ ಹಾಡಿ. ವಾರ್ಡಿಗೆ ಹೋದ ಫೋನನ್ನು ಒರೆಸಿ ಶುದ್ಧಮಾಡುವುದು ಅಲ್ಲಿಯವರು ಹೇಳಿದಂತೆ ಆಗಬೇಕು.

ಐದನೆಯದು, ಮಾತು ಉಳಿಸಿಕೊಳ್ಳುವುದು. ನಾಳೆ ಆರೂವರೆಗೆ ಎಂದರೆ ಆರೂವರೆಗೇ. ಕಾದು ಮಲಗಿದವರಿಗೆ ಬಾರದ ಫೋನು ಬಾಗಿಲನ್ನು ಎರಡನೆಯ ಸಲ ಮುಚ್ಚಿದಂತೆ. ಹಾಡುವವರ ಚಿತ್ರ ತೆಗೆದು ಹಂಚುವುದು, ರೋಗಿಯ ಮುಖ ತೋರಿಸುವುದು ಕೂಡದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಾಡು ಹಕ್ಕಿಗೆ ಬದಲಿಯಾಗುತ್ತದೆಯೇ? ಆಗಬಾರದು, ಆಗಲು ನಾವು ಬಿಡುವುದೂ ಇಲ್ಲ. ತೋಟದ ಕಾರ್ಮಿಕರಿಗೆ ಮಾಲೀಕರು ವೈದ್ಯ ಸೌಕರ್ಯ ಒದಗಿಸಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೇಳಿತು. ಅದು ಕಾಗದದಿಂದ ಲೈನಿಗೆ ಬರಬೇಕಾದರೆ ಕಾರ್ಮಿಕರು ಸಂಘಟಿತರಾಗಿ ಕೇಳಬೇಕಾಯಿತು. ಆಂಬುಲೆನ್ಸು ಇಲ್ಲದ ಕಡೆ ಹಾಡಿ ಸಮಾಧಾನ ಹೇಳುವವನು ಕಾರ್ಮಿಕನ ಗೆಳೆಯನಲ್ಲ. ಔಷಧ ಕೇಳುವ ಬಾಯಿಯೇ ಹಾಡಲಿ, ಹಾಡುವ ಬಾಯಿಯೇ ಔಷಧವನ್ನೂ ಕೇಳಲಿ. ದನಿ ಮುಟ್ಟಿಸುವುದನ್ನೂ ನಾವು ಬೇಡಿಕೆಯ ಪಟ್ಟಿಗೆ ಸೇರಿಸಬೇಕು. ಪ್ರತ್ಯೇಕ ವಾರ್ಡಿಗೆ ಒಂದು ಸಾಮಾನ್ಯ ಫೋನು, ಚಾರ್ಜ್ ಮಾಡಲು ಹಾಸಿಗೆಯ ಪಕ್ಕ ಒಂದು ಪ್ಲಗ್ಗು, ಮನೆಯವರೊಡನೆ ಮಾತಾಡಲು ದಿನಕ್ಕೊಂದು ಗೊತ್ತಾದ ವೇಳೆ, ಕನ್ನಡ ಬಲ್ಲ ಒಬ್ಬರ ಸಹಾಯ. ಇವು ದೊಡ್ಡ ಖರ್ಚಿನ ಕೆಲಸಗಳಲ್ಲ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಈ ವಾರವೇ ಪ್ರತಿ ಲೈನಿನಲ್ಲೂ ಒಂದು ನೋಟ್‌ಬುಕ್ ಇಡೋಣ. ಒಬ್ಬೊಬ್ಬರ ಹೆಸರಿನ ಮುಂದೆ, ಕಾಹಿಲೆ ಬಿದ್ದರೆ ಯಾವ ಹಾಡು ಕೇಳಬೇಕೆಂದಿದೆ, ಅದು ಯಾರಿಗೆ ಬರುತ್ತದೆ ಎಂದು ಬರೆದಿಡೋಣ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರ ಹೆಸರೂ ಇರಲಿ. ವಯಸ್ಸಾದ ತಾಯಂದಿರ ಬಾಯಲ್ಲಿರುವ ಪದಗಳನ್ನು ನಮ್ಮ ಹೆಣ್ಣುಮಕ್ಕಳು, ಹುಡುಗರು ಈಗಲೇ ಕಲಿಯಲಿ. ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ.

ಕೆಲಸಕ್ಕೆ ಬಾರದ ದಿನ ತೋಟದ ಚೆಕ್‌ರೋಲಿನಲ್ಲಿ ನಮ್ಮ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ನಮ್ಮ ಈ ನೋಟ್‌ಬುಕ್ಕಿನಲ್ಲಿ ಮಾತ್ರ ಕಾಹಿಲೆ ಬಿದ್ದವರೇ ಮೊದಲ ಹಾಜರಿ. ಹೆಸರು ಕೂಗುವ ಕೆಲಸ ನಮ್ಮದು.