ನೋವಿಲ್ಲದ ಹುಣ್ಣು

ಮನೆಮಂದಿಯೆಲ್ಲ ಕುಳಿತು ಕೇಳುವ ರೇಡಿಯೋದಲ್ಲಿ ಗುಹ್ಯರೋಗದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಣ್ಣು ಕೆಂಪಾದರೆ ಕನ್ನಡಿ ಹಿಡಿಯುತ್ತೇವೆ. ಹಲ್ಲುನೋವು ಬಂದರೆ ಊರಿಗೆಲ್ಲ ಹೇಳುತ್ತೇವೆ. ದೇಹದ ಆ ಒಂದು ಭಾಗವನ್ನು ಮಾತ್ರ, ನಮ್ಮದೇ ಆದರೂ, ನೋಡಿಕೊಳ್ಳಲು ನಾಚುತ್ತೇವೆ. ಈ ನಾಚಿಕೆಯಿಂದ ಲಾಭವಾಗುವುದು ರೋಗಕ್ಕೇ.

ಸಿಫಿಲಿಸ್ ರೋಗವನ್ನೇ ತೆಗೆದುಕೊಳ್ಳಿ. ನಮ್ಮ ಹಿರಿಯರು ಪರಂಗಿ ಹುಣ್ಣು ಎಂದದ್ದು ಇದನ್ನೇ. ಹದಿನಾರನೆಯ ಶತಮಾನದ ಭಾವಮಿಶ್ರನ ವೈದ್ಯಗ್ರಂಥದಲ್ಲಿ ಇದರ ಹೆಸರು ಫಿರಂಗರೋಗ. ರೋಗವಿದ್ದವರ ಸಂಪರ್ಕವಾದ ಸುಮಾರು 3 ವಾರಗಳ ಮೇಲೆ, ಕೆಲವರಲ್ಲಿ 10 ದಿನಕ್ಕೇ, ಕೆಲವರಲ್ಲಿ 90 ದಿನಗಳಾದ ಮೇಲೆ, ಸೋಂಕು ತಗುಲಿದೆಡೆ ಒಂದು ಹುಣ್ಣು ಏಳುತ್ತದೆ. ಅಂಚು ಗಟ್ಟಿ, ನೋವು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ನೋವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ವೈದ್ಯರ ಮನೆಯ ದಾರಿಯಾದರೂ ನೆನಪಾಗುತ್ತಿತ್ತು! 3ರಿಂದ 6 ವಾರಗಳಲ್ಲಿ ಅದು ತಾನಾಗಿಯೇ ಮಾಯುತ್ತದೆ. ಅಷ್ಟರಲ್ಲಿ ಯಾವುದೋ ಮುಲಾಮು ಹಚ್ಚಿದವನು ಆ ಮುಲಾಮನ್ನೇ ಕೊಂಡಾಡುತ್ತಾನೆ. ಹುಣ್ಣು ಹೋಯಿತೇ ಹೊರತು ರೋಗಾಣು ಹೋಗಿಲ್ಲ. ಅದು ರಕ್ತವನ್ನು ಸೇರಿದೆ. ಮುಂದೆ ಮೈಮೇಲೆ, ಅಂಗೈ ಅಂಗಾಲುಗಳಲ್ಲಿ ಸಹ, ತುರಿಕೆಯಿಲ್ಲದ ದದ್ದು ಏಳಬಹುದು. ಅದೂ ಅಡಗುತ್ತದೆ. ಹಲವು ವರ್ಷಗಳ ಮೇಲೆ ಹೃದಯಕ್ಕೋ ಮಿದುಳಿಗೋ ಕೇಡಾಗಬಹುದು. ಗರ್ಭಿಣಿಗಿದ್ದರೆ ಹೊಟ್ಟೆಯ ಕೂಸಿಗೂ ತಗಲುತ್ತದೆ.

ಆದ್ದರಿಂದ ಸ್ನಾನದ ವೇಳೆ ಒಳ್ಳೆಯ ಬೆಳಕಿನಲ್ಲಿ ನೋಡಿಕೊಳ್ಳಿ. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ನೋಡಬೇಕು. ಹೆಂಗಸರು ಕೈಗನ್ನಡಿಯ ಸಹಾಯ ಪಡೆಯಬಹುದು. ಹುಣ್ಣು, ಗುಳ್ಳೆ, ನರಹುಲಿ, ತೊಡೆಸಂದಿನಲ್ಲಿ ಗಂಟು, ಕೀವು, ಉರಿಮೂತ್ರ, ಎಂದಿನಂತಲ್ಲದ ಬಿಳಿ ಸೆರಗು, ಇವುಗಳಲ್ಲಿ ಯಾವುದು ಕಂಡರೂ ಮುಲಾಮು ಹಚ್ಚದೆ ವೈದ್ಯರಿಗೆ ತೋರಿಸಿ. ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಹೆಂಗಸರಲ್ಲಿ ಹುಣ್ಣು ಒಳಗೇ ಅಡಗಿರಬಹುದು, ಗೊನೋರಿಯಾ ಎಷ್ಟೋ ಜನ ಹೆಂಗಸರಲ್ಲಿ ಯಾವ ಚಿಹ್ನೆಯನ್ನೂ ತೋರುವುದಿಲ್ಲ, ಎಚ್‌.ಐ.ವಿ. ಸೋಂಕನ್ನು ಕಣ್ಣಿನಿಂದ ಕಂಡುಹಿಡಿಯುವುದು ಸಾಧ್ಯವೇ ಇಲ್ಲ. ಸಂಶಯಕ್ಕೆ ಕಾರಣವಿದ್ದವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

1943ರಲ್ಲಿ ಪೆನಿಸಿಲಿನ್ ಈ ರೋಗವನ್ನು ಗುಣಪಡಿಸಿತು. ಇಂದಿಗೂ ಅದೇ ಮದ್ದು. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಒಂದೇ ಸರದಿಯ ಚುಚ್ಚುಮದ್ದು ಸಾಕು. ಅದು ಒಗ್ಗದವರಿಗೆ ಬೇರೆ ಔಷಧಗಳುಂಟು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಉಚಿತ ಚಿಕಿತ್ಸೆಯಿದೆ, ಮಾತು ಗೋಪ್ಯವಾಗಿರುತ್ತದೆ.

ಒಂದು ಮಾತು ಗಂಡಂದಿರಿಗೆ. ತಾವೊಬ್ಬರೇ ಗುಟ್ಟಾಗಿ ಚುಚ್ಚಿಸಿಕೊಂಡು ಬಂದರೆ ಆಗಲಿಲ್ಲ. ಮನೆಯಾಕೆಗೆ ಸೋಂಕು ತಗುಲಿದ್ದರೆ ಆಕೆ ತನಗೇ ತಿಳಿಯದೆ ನವೆಯುತ್ತಾಳೆ, ನಿಮಗೂ ಅದು ಮರಳಿ ಬರುತ್ತದೆ. ಹೇಳುವುದು ಕಷ್ಟ, ನಿಜ. ಅದಕ್ಕೂ ವೈದ್ಯರ ನೆರವು ಕೇಳಿ. ಇಬ್ಬರೂ ಕೂಡಿಯೇ ಹೋಗಿ.