ನೀರಿಗೂ ಒಂದು ಟ್ರಿಪ್ಪರ್ ಬೇಕು

(ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ನಾನು ಭಾಷಣಗಾರ ಅಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ದುಬೈಗೆ ಬಂದವನು. ಕರೆಂಟಿನವನಿಗೆ ನೀರಿನ ಉಸಾಬರಿ ಯಾಕೆ ಅಂತ ಕೇಳಬಹುದು. ನನ್ನ ಅರ್ಧ ಕೆಲಸ ನಡೆಯೋದೇ ಪಂಪ್ ರೂಮಿನಲ್ಲಿ. ಕರೆಂಟಿಲ್ಲದೆ ಇವತ್ತು ಯಾವ ದೊಡ್ಡ ಊರಿಗೂ ನೀರು ಸಿಗೋದಿಲ್ಲ.

ಇಲ್ಲಿ ನಾವು ಕುಡಿಯೋದು ಸಮುದ್ರದ ನೀರು. ಜೆಬೆಲ್ ಅಲಿಯಲ್ಲಿ ಉಪ್ಪು ತೆಗೆದು ಕಳಿಸುತ್ತಾರೆ. ಈಗಿನ ಆರ್‌ಒ ವಿಧಾನದಲ್ಲಿ 1,000 ಲೀಟರಿಗೆ 3ರಿಂದ 4 ಯೂನಿಟ್ ಕರೆಂಟ್ ಬೇಕು. ನಮ್ಮ ಬೆಂಗಳೂರಿಗೆ ಕಾವೇರಿ ಸುಮ್ಮನೆ ಹರಿದು ಬರುತ್ತೆ ಅಂದ್ಕೊಂಡಿದ್ದೀರಾ? ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪು ಮಾಡಿ ತರುತ್ತಾರೆ. 1,000 ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು ಲೆಕ್ಕದ ಪ್ರಕಾರವೇ 1.36 ಯೂನಿಟ್ ಬೇಕು. ಪಂಪು, ಮೋಟಾರಿನ ನಷ್ಟ ಸೇರಿಸಿದರೆ ಹೆಚ್ಚುಕಡಿಮೆ 2 ಯೂನಿಟ್. ಅಂದರೆ ಅಲ್ಲಿ ಒಂದು ಬಕೆಟ್ ನೀರು ಚೆಲ್ಲಿದರೆ ಕರೆಂಟೂ ಚೆಲ್ಲಿದ ಹಾಗೆ.

ಈಗ ಟ್ರಿಪ್ಪರ್ ವಿಷಯಕ್ಕೆ ಬರ್ತೀನಿ. ನಮ್ಮ ರೂಮುಗಳ ಡಿಬಿಯಲ್ಲಿ ಆರ್‌ಸಿಸಿಬಿ ಅಂತ ಒಂದಿರುತ್ತೆ. ಫೇಸ್‌ನಲ್ಲಿ ಹೋದ ಕರೆಂಟು, ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟು ಎರಡನ್ನೂ ಅದು ಸದಾ ಹೋಲಿಸುತ್ತಿರುತ್ತೆ. 30 ಮಿಲಿಆಂಪ್ ವ್ಯತ್ಯಾಸ ಬಂದರೂ ಟ್ರಿಪ್ ಆಗುತ್ತೆ. ಲೀಕೇಜ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ, ಲೀಕೇಜ್ ಇದೆ ಅಂತ ಮಾತ್ರ ಗೊತ್ತು. ಅಷ್ಟು ಗೊತ್ತಾದರೆ ಹುಡುಕೋದು ನಮ್ಮ ಕೆಲಸ.

ಊರಿನ ನೀರಿಗೂ ಇದೇ ಬೇಕು. ಊರನ್ನು ಸಣ್ಣ ಸಣ್ಣ ವಲಯ ಮಾಡಿ, ಪ್ರತಿ ವಲಯದ ಬಾಯಲ್ಲಿ ಒಂದು ದೊಡ್ಡ ಮೀಟರ್ ಹಾಕಬೇಕು. ಒಳಗೆ ಬಿಟ್ಟ ನೀರೆಷ್ಟು, ಮನೆ ಮೀಟರುಗಳಲ್ಲಿ ಓಡಿದ್ದೆಷ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ದಿನವಿಡೀ ನೀರಿರುವ ಊರಲ್ಲಿ ರಾತ್ರಿ 2 ಗಂಟೆಯಿಂದ 4 ಗಂಟೆವರೆಗೆ ಮೀಟರ್ ನೋಡಿದರೆ ಸಾಕು. ಎಲ್ಲರೂ ಮಲಗಿದ್ದಾಗಲೂ ಜೋರಾಗಿ ಓಡುತ್ತಿದ್ದರೆ ಅದು ಸೋರಿಕೆ. ನಮ್ಮಲ್ಲಿ ಎಷ್ಟೋ ಮನೆಗಳ ಸಂಪು ತುಂಬೋದೇ ರಾತ್ರಿ, ಆದ್ದರಿಂದ ಆ ಉಪಾಯ ಹಾಗೇ ನಡೆಯಲ್ಲ. ತಿಂಗಳ ಒಟ್ಟು ಲೆಕ್ಕವನ್ನೇ ನೋಡಬೇಕು. ದುಬೈಯಲ್ಲಿ ಹೀಗೆ ಲೆಕ್ಕಕ್ಕೆ ಸಿಗದೆ ಹೋಗೋ ನೀರು ನೂರಕ್ಕೆ 5ರ ಆಸುಪಾಸು. ಬೆಂಗಳೂರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. 2024ರ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ವ್ಯವಸ್ಥೆ ಆಯಿತು. ಸಂತೋಷ. ಆದರೆ ತೂತಿರೋ ಕೊಡಕ್ಕೆ ಇನ್ನೊಂದು ಬಿಂದಿಗೆ ಸುರಿದರೆ ಎಷ್ಟು ದಿನ ನಿಲ್ಲುತ್ತೆ?

ಊರಿಗೆ ಬುದ್ಧಿ ಹೇಳೋ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಇಲ್ಲಿ ದುಡಿದದ್ದರಲ್ಲಿ, ನಿಮ್ಮಲ್ಲಿ ಸುಮಾರು ಜನರ ಹಾಗೆ ನಾನೂ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದರಲ್ಲಿ 30×40 ಸೈಟು ಕೊಂಡು ಮನೆ ಕಟ್ಟಿದೆ. ಅಂಥ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ ಅಂತ ಜಲಮಂಡಳಿ ಕಾಯ್ದೆಗೆ 2009ರಲ್ಲೇ ತಿದ್ದುಪಡಿ ಆಗಿದೆ. ನಾನೇ ಮೇಸ್ತ್ರಿಗೆ ಫೋನಿನಲ್ಲಿ "ಬೋರ್ ಇದೆಯಲ್ಲ, ಆ ಖರ್ಚು ಬಿಡಿ" ಅಂದೆ. ತೋರಿಕೆಗೆ ಒಂದು ಪೈಪು ಇಳಿಸಿದರು. ಅದರ ತುದಿ ಮೋರಿಗೆ. 2024ರ ಮಾರ್ಚಿನಲ್ಲಿ ಬೋರ್ ನಿಂತಿತು. ಮನೆಯವಳು ಫೋನು ಮಾಡಿ, "ಮಗುವನ್ನು ಸ್ಕೂಲಿಗೆ ಬಿಟ್ಟು ಬಂದು ಟ್ಯಾಂಕರಿಗೆ ಕಾಯ್ತಾ ಕೂತಿದ್ದೀನಿ, ನೀವು ಕಳಿಸೋ ದುಡ್ಡು ಅದಕ್ಕೇ ಹೋಗ್ತಿದೆ" ಅಂದಳು. ನಾನು ಆ ಹೊತ್ತಿಗೆ ಇಲ್ಲಿ ಹುಲ್ಲುಹಾಸಿಗೆ ನೀರು ಬಿಡೋ ಪಂಪಿನ ಸ್ಟಾರ್ಟರ್ ರಿಪೇರಿ ಮಾಡ್ತಾ ಇದ್ದೆ. ಆ ನೀರು ಯಾವುದು ಗೊತ್ತಾ? ನಾವೇ ಬಳಸಿ ಬಿಟ್ಟ ಕೊಳಚೆ ನೀರು, ಶುದ್ಧ ಮಾಡಿದ್ದು. ಮರಳುಗಾಡಿನಲ್ಲಿ ಹುಲ್ಲು ಹಸಿರಾಗಿದೆ, ಮಳೆ ಬೀಳೋ ಊರಲ್ಲಿ ನನ್ನ ಮನೆ ಒಣಗಿದೆ.

ಲೆಕ್ಕ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 900 ಚದರಡಿ ತಾರಸಿ ಮೇಲೆ ಬೀಳೋದು ಸುಮಾರು 81 ಸಾವಿರ ಲೀಟರ್. ಐದನೇ ಒಂದು ಭಾಗ ಹೋಯಿತು ಅಂದರೂ 65 ಸಾವಿರ ಉಳಿಯುತ್ತೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ನಾಲ್ಕು ತಿಂಗಳ ನೀರು. ಎಲ್ಲವನ್ನೂ ಟ್ಯಾಂಕಿನಲ್ಲಿ ಹಿಡಿಯೋಕೆ ಆಗಲ್ಲ, ನಿಜ. ಕಳೆದ ರಜೆಯಲ್ಲಿ ಹೋಗಿ ಫಿಲ್ಟರ್ ಇಟ್ಟು ತಾರಸಿ ನೀರನ್ನು ಸಂಪಿಗೆ ತಿರುಗಿಸಿದೆ. ಹೆಚ್ಚಾದದ್ದು ಇಂಗುಗುಂಡಿಗೆ. ಕಟ್ಟುವಾಗಲೇ ಮಾಡಿದ್ದರೆ ಅರ್ಧ ಖರ್ಚಿನಲ್ಲಿ ಮುಗೀತಿತ್ತು.

ಊರು ದೊಡ್ಡದಾಗೋದನ್ನು ಯಾರೂ ತಡೆಯೋಕಾಗಲ್ಲ, ಅದನ್ನು ಬೆಳೆಸ್ತಿರೋರು ನಾವೂ ಹೌದು. ದೊಡ್ಡ ಮೀಟರ್ ಹಾಕೋದು, ಪೈಪು ಬದಲಿಸೋದು, ಕೆರೆಗೆ ಕೊಳಚೆ ಸೇರದಂತೆ ಕಾಯೋದು ಪಾಲಿಕೆ, ಜಲಮಂಡಳಿ ಕೆಲಸ. ಅದನ್ನು ಕೇಳೋಣ. ತಾರಸಿ ನಮ್ಮದು. ಈ ವರ್ಷ ಯಾರ್ಯಾರು ಮನೆ ಕಟ್ಟಿಸ್ತಾ ಇದ್ದೀರೋ, ಇವತ್ತು ರಾತ್ರಿಯೇ ಮೇಸ್ತ್ರಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿ: "ಮಳೆನೀರಿನ ಪೈಪಿನ ತುದಿ ಎಲ್ಲಿದೆ?" ಫೋಟೋ ಕಳಿಸೋಕೆ ಹೇಳಿ. ನಕ್ಷೆ ನೋಡಿ ಗೊತ್ತಾಗದಿದ್ದರೆ ನನ್ನ ಹತ್ತಿರ ತನ್ನಿ, ಊಟ ಆದಮೇಲೆ ಕೂತು ನೋಡೋಣ.